ಸಾರ್ವಜನಿಕ ಹಿತಕ್ಕಾಗಿ ಎಂಟು ಕಾರಣಗಳು

ಕೋಪ ಬಂದರೆ ನನಗೆ ಕನ್ನಡ ಬಲು ಚೆನ್ನಾಗಿ ಬರುತ್ತದೆ. ಆ ಅರ್ಜಿ ಹುಟ್ಟಿದ್ದೂ ಹಾಗೆಯೇ. ರಾಮನಗರದಲ್ಲಿ ನನ್ನ ರೇಷ್ಮೆ ನೂಲು ತೆಗೆಯುವ ಘಟಕದ ಎದುರಿಗೆ ನಮ್ಮ ಬೀದಿಯ ನಟರಾಜುವಿನ ಖಾಲಿ ಸೈಟಿದೆ. ಅಲ್ಲಿ ಕರಿದ ಕೋಳಿ, ಬರ್ಗರು ಮಾರುವ ದೊಡ್ಡ ಅಂಗಡಿ ಬರುತ್ತದೆಂದು ಗೊತ್ತಾದ ದಿನವೇ ನಾನು ಬಿಳಿ ಹಾಳೆ ತಂದು ಕೂತುಬಿಟ್ಟೆ. ಬೀದಿಯಲ್ಲಿ ಪಿಯುಸಿವರೆಗೆ ಓದಿದವನು ನಾನೊಬ್ಬನೇ. ಆ ಜಂಬ ಬೇರೆ.

ಒಟ್ಟು ಎಂಟು ಕಾರಣ ಕೊಟ್ಟೆ. ದುರ್ವಾಸನೆಯಿಂದ ಮಕ್ಕಳು, ವೃದ್ಧರು ಹೈರಾಣಾಗುತ್ತಾರೆ. ಹೊಗೆಯಿಂದ ಉಸಿರು ಕಟ್ಟುತ್ತದೆ. ಕೊಳಕು ನೀರು ಚರಂಡಿ ತುಂಬುತ್ತದೆ. ಹೀಗೇ ಸಾಗಿತ್ತು. ನನ್ನ ಹೆಂಡತಿ ಇಸ್ಮತ್ ಪೂರ್ತಿ ಓದಿ, "ಒಂಬತ್ತನೇದು ಎಲ್ರೀ?" ಅಂದಳು.

"ಒಂಬತ್ತನೇದು ಯಾವುದು?"

"ಹುಳ ಒಣಗಿಸೋ ಜಾಗ ಹೋಗ್ತದಲ್ಲ, ಅದು."

ವಿಷಯ ಅದೇ. ಗೂಡು ಬೇಯಿಸಿ ನೂಲು ತೆಗೆದ ಮೇಲೆ ಒಳಗಿನ ಸತ್ತ ಹುಳ ಉಳಿಯುತ್ತದೆ. ಅದನ್ನು ಒಣಗಿಸಿದರೆ ಮೀನಿನ ಮೇವಿಗೆ ಹೋಗುತ್ತದೆ. ಹನ್ನೆರಡು ವರ್ಷದಿಂದ ನಾನದನ್ನು ನಟರಾಜುವಿನ ಸೈಟಿನಲ್ಲೇ ಹರಡುತ್ತಿದ್ದೆ, ಒಂದು ಮಾತೂ ಕೇಳದೆ. ಆ ಜಾಗ ಹೋದರೆ ಹಸಿ ಹುಳ ಒಳಗೇ ಕೊಳೆತು ನಾಲ್ಕೇ ದಿನದಲ್ಲಿ ಘಟಕ ಮುಚ್ಚಬೇಕು. ಅಲ್ಲಿ ದುಡಿಯುವ ಆರು ಹೆಂಗಸರ ಮನೆ, ನಮ್ಮ ಮನೆ, ಎಲ್ಲಕ್ಕೂ ಅದೇ ಅನ್ನ. ಆದರೆ ಇದನ್ನು ಅರ್ಜಿಯಲ್ಲಿ ಯಾರಾದರೂ ಬರೆಯುತ್ತಾರೆಯೇ? ಕೊನೆಯಲ್ಲಿ 'ಸಾರ್ವಜನಿಕ ಹಿತದೃಷ್ಟಿಯಿಂದ' ಎಂದು ಸೇರಿಸಿದೆ.

ಇಪ್ಪತ್ತೆರಡು ಸಹಿ ಬಿತ್ತು. ಹಿಂದಿನ ಮನೆಯ ಖಾಸಿಂ ಕೂಡ ಗೂಡು ಬೇಯಿಸುವವನೇ. ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡು ಬಂದು, "ಗಬ್ಬು ವಾಸ್ನೆ ಅಂದ್ರೆ ನಂಗಾಗಲ್ಲ ಭಾಯ್, ತಲೆನೋವು ಬರ್ತದೆ" ಎನ್ನುತ್ತಾ ಸಹಿ ಹಾಕಿದ.

ಮುಂದಿನ ವಾರ ಪರಿಶೀಲನೆಗೆ ನಗರಸಭೆಯ ಅಧಿಕಾರಿ ಬಂದರು. ಹೊಸಬರು, ಬೇರೆ ಜಿಲ್ಲೆಯವರು. ಜೀಪಿನಿಂದ ಇಳಿದವರೇ ಕರ್ಚೀಫು ಮೂಗಿಗೆ ಒತ್ತಿಕೊಂಡರು.

"ಅಂಗಡಿ ಆಗಲೇ ಶುರುವಾಗಿದೆಯೇನ್ರೀ?"

"ಇಲ್ಲ ಸಾರ್, ಪಾಯಾನೂ ತೆಗೆದಿಲ್ಲ."

"ಮತ್ತೆ ಈ ವಾಸನೆ?"

ನಾನು ಪ್ರಾಮಾಣಿಕವಾಗಿ ಮೂಗೆಳೆದೆ. ನನ್ನ ಹಿಂದೆ ನಿಂತಿದ್ದ ಜನರೂ ಎಳೆದರು. "ಯಾವ ವಾಸ್ನೆ ಸಾರ್?" ಅಂದೆ.

ಅವರು ನನ್ನ ಮುಖ ನೋಡಿದರು, ಆಮೇಲೆ ನನ್ನ ಅರ್ಜಿ ನೋಡಿದರು. ಒಂದನೇ ಕಾರಣ ಓದಿ ಸೈಟಿನಲ್ಲಿ ಹರಡಿದ್ದ ಹುಳ ನೋಡಿದರು. ಎರಡನೆಯದು ಓದಿ ನನ್ನ ಬಾಯ್ಲರಿನ ಚಿಮಣಿ, ಮೂರನೆಯದು ಓದಿ ನನ್ನ ಚರಂಡಿ. ಪ್ರತಿಯೊಂದಕ್ಕೂ ಪೆನ್ನಿನಲ್ಲಿ ಗುರುತು ಹಾಕಿದರು. ಅಯ್ಯೋ ದೇವರೇ, ಎಂಟಕ್ಕೆ ಎಂಟೂ ನನ್ನವೇ!

"ಬಹಳ ಚೆನ್ನಾಗಿ ಬರೆದಿದ್ದೀರಿ. ನಾನು ಬೇರೆ ವರದಿ ಬರೆಯೋದೇ ಬೇಡ" ಎಂದರು. ಘಟಕಕ್ಕೆ ನೋಟಿಸು ಕೊಟ್ಟರು. ಗೂಡಿನ ಕಸುಬು ಮಾಡದ ನೆರೆಮನೆಯವರು ಯಾರಾದರೂ ತೊಂದರೆಯಿಲ್ಲವೆಂದು ವಾರದೊಳಗೆ ಬರೆದುಕೊಟ್ಟರೆ ಸರಿ, ಇಲ್ಲದಿದ್ದರೆ ಬೀಗ. ಅಂಥ ನೆರೆಮನೆ ನಮ್ಮ ಬೀದಿಯಲ್ಲಿ ಒಂದೇ ಇರುವುದು. ಸೈಟಿನ ಪಕ್ಕದ ಮನೆ, ನಟರಾಜುದು.

ಮಾರನೆಯ ಬೆಳಗ್ಗೆ ನಾನೇ ಬರೆದಿಟ್ಟ ಒಪ್ಪಿಗೆ ಪತ್ರ ಹಿಡಿದು, ಮುಖವೆತ್ತಲಾಗದೆ ಅವನ ಬಾಗಿಲಿಗೆ ಹೋದೆ. ನೀನು ಸಹಿ ಹಾಕು, ನಾನು ಅರ್ಜಿ ವಾಪಸು ತೆಗೆದುಕೊಳ್ಳುತ್ತೇನೆ ಎಂಬ ವ್ಯಾಪಾರ ತಲೆಯಲ್ಲಿ ಸಿದ್ಧವಾಗಿತ್ತು.

"ಬನ್ನಿ ಶರೀಫಣ್ಣ, ಕೂತ್ಕಳಿ. ಅರ್ಜಿ ನಾನೂ ಓದ್ದೆ. ಒಸಿ ಜಾಸ್ತೀನೇ ಚೆನ್ನಾಗೈತೆ" ಎಂದ. ನಾನು ತೊದಲುತ್ತಿದ್ದಾಗಲೇ ಪಕ್ಕದ ಕೋಣೆಯ ಕಡೆ ಕೈ ತೋರಿಸಿದ. "ಹೋದ ವರ್ಸ ನಮ್ ಮಗ್ಳು ಶ್ವೇತ ಬಾಣಂತನಕ್ಕೆ ಬಂದಿದ್ಲಲ್ಲ, ಮೂರು ತಿಂಗ್ಳು ಆ ಕಿಟಕಿ ತಗೀನಿಲ್ಲ ಕಣಣ್ಣ. ಗಾಳಿ ಬಂದ್ರೆ ಅನ್ನ ಸೇರ್ತಿರ್ನಿಲ್ಲ ಅವ್ಳಿಗೆ. ಬಿಸ್ಲಲ್ಲಿ ಕೂಸು ಬೆಂದೋಯ್ತಿತ್ತು."

"ಒಂದು ಮಾತು ಹೇಳಬಾರದಿತ್ತಾ ನಟರಾಜು?"

"ಹೇಳವ ಅಂತ್ಲೇ ಒಂದ್ ದಪ ಬಂದಿದ್ದೆ. ಒಳಗೆ ಆರು ಜನ ಹೆಂಗಸ್ರು ಬಿಸ್ನೀರಲ್ಲಿ ಕೈ ಇಟ್ಕಂಡು ಕುಂತಿದ್ರು. ಏನಂತ ಹೇಳ್ಲಿ? ವಾಪಸ್ ಬಂದ್ಬುಟ್ಟೆ." ಪೆನ್ನಿಗಾಗಿ ಕೈ ಚಾಚಿದ. "ಕೊಡಿ, ಎಲ್ಲಿ ಸೈನ್ ಹಾಕ್ಬೇಕು?"

ಕಟ್ಟಿಕೊಂಡು ಹೋಗಿದ್ದ ವ್ಯಾಪಾರದ ಮಾತು ಬಿಟ್ಟು ಅವನ ಕೈಗೆ ಪೆನ್ನು ಕೊಟ್ಟೆ. ಬೆರಳಿಟ್ಟು ಜಾಗ ತೋರಿಸಿದೆ, ಅವನು ಸಹಿ ಹಾಕಿದ. ಹುಳ ಒಣಗಿಸಲು ಊರಾಚೆ ಜಾಗ ನೋಡುತ್ತೇನೆ ಎಂದು ಹೇಗೋ ಗೊಣಗಿದೆ. "ಆಯ್ತು, ನೋಡಿ" ಎಂದನಷ್ಟೆ.

ಮನೆಗೆ ಬಂದಾಗ ಇಸ್ಮತ್ ಬಾಗಿಲಲ್ಲೇ ನಿಂತಿದ್ದಳು. "ಸಹಿ ಹಾಕಿದ್ನಾ? ಏನಂದ?" ಎಂದಳು. ಹಾಕಿದ ಎಂದೆ. ಏನಂದ ಎಂಬುದಕ್ಕೆ, ಏನೂ ಅನ್ನಲಿಲ್ಲ ಎಂದು ಸುಳ್ಳು ಹೇಳಿದೆ. ನನಗೆ ಅಷ್ಟು ನಾಚಿಕೆಯಾಗಿತ್ತು.