ತಿಥಿಯಾಗದ ಸರ್ವರ್

ಪ್ರಭುಸ್ವಾಮಿ ಕೊಳ್ಳೇಗಾಲದಲ್ಲಿ ಎಷ್ಟು ಮದುವೆಗಳ ವಿಡಿಯೋ ತೆಗೆದಿದ್ದರೂ ಒಂದರಲ್ಲೂ ಅವನ ಮುಖವಿಲ್ಲ. ಕ್ಯಾಮೆರಾ ಹಿಂದೆ ನಿಂತವನನ್ನು ಯಾರು ತೆಗೆಯುತ್ತಾರೆ? ಇದ್ದದ್ದು ದನಿ ಒಂದೇ. ‘ಇತ್ಲಾಗ್ ತಿರುಗ್ರಿ, ಗಂಡಿನ ಕೈ ಎಲ್ಲೋಯ್ತು?’ ಎದೆನೋವು ಬಂದು ಅವನು ಹೋದ ಮೇಲೆ ಹೆಂಡತಿ ಪವಿತ್ರಳಿಗೆ ಬೇಕಾಗಿದ್ದದ್ದು ಆ ದನಿಯೇ. ವಿಡಿಯೋಗಳೆಲ್ಲ ಮನೆಯ ಮುಂಭಾಗದ ಸ್ಟುಡಿಯೋದ ಸ್ಟೋರೇಜ್ ಪೆಟ್ಟಿಗೆಯಲ್ಲಿದ್ದವು. ಹಳೇ ಸರ್ವರಿನ ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ; ಪೆಟ್ಟಿಗೆಗೆ ಹೊಸ ಸರ್ವರ್ ಜೋಡಿಸಿಕೊಡೆಂದು ಕಂಪ್ಯೂಟರ್ ರಿಪೇರಿ ಮಾಡುವ ಮಾಂಬಳ್ಳಿಯ ದೇವರಾಜುವನ್ನು ಕರೆಸಿದಳು.

ದೇವರಾಜುವಿಗೆ ಬಂದ ಗಳಿಗೆಯಿಂದಲೇ ಸಿಟ್ಟು. ಹೊಸ ಸರ್ವರಿನಲ್ಲಿ ಲಿನಕ್ಸ್ ಏನೋ ಕೂತಿತು, ನೆಟ್‌ವರ್ಕ್ ಕಾರ್ಡ್ ಮಾತ್ರ ಅದರ ಕಣ್ಣಿಗೇ ಬೀಳಲಿಲ್ಲ. ಡ್ರೈವರ್ ಇಲ್ಲದ ಕಾರ್ಡ್ ಮಾರಿ ಕೈತೊಳೆದುಕೊಂಡ ನನ್ಮಕ್ಕಳನ್ನು ಬೈಯುತ್ತಲೇ ಮೊಬೈಲಿನ ನೆಟ್ಟಿನಿಂದ ಕಾರ್ಡ್ ನಡೆಸುವ ಆ ಡ್ರೈವರ್ ಪ್ರೋಗ್ರಾಂ ಇಳಿಸಿ ಕೂರಿಸಿದ. ಕಾರ್ಡಿನ ದೀಪ ಹಸಿರಾಯಿತು. ತಂತಿಯ ಆಚೆಯಿಂದ ಪೆಟ್ಟಿಗೆ ಓಗೊಟ್ಟಿತು.

ಆದರೆ ಅದಕ್ಕೆ ಆಗಲೇ ಒಂದು ಯಂತ್ರ ಕೂಡಿಕೊಂಡಿತ್ತು. ಹೆಸರು: ಪ್ರಭು. ಸತ್ತವನ ಹಳೇ ಸರ್ವರಿನದು, ಅಳಿಸದೆ ಉಳಿದಿದೆ ಎಂದುಕೊಂಡ. ಒಂದು ಡಿಸ್ಕಿಗೆ ಒಂದೇ ಯಂತ್ರ, ಎರಡಾದರೆ ಫೈಲು ಕೆಡಬಹುದು, ಆದರೂ ಜೋಡಿಸಲೇ ಎಂದು ಪೆಟ್ಟಿಗೆ ಕೇಳಿತು. ಸಿಟ್ಟಿನಲ್ಲಿ ಹೂಂ ಎಂದು ಒತ್ತಿದ.

ಫೈಲುಗಳು ಬಂದವು. ಕೊನೆಯದಕ್ಕೆ ಇವತ್ತಿನ ತಾರೀಖು, ನೋಡುತ್ತಿದ್ದಂತೆಯೇ ಅದು ಬೆಳೆಯುತ್ತಿತ್ತು. ತೆರೆದ. ಪಾತ್ರೆಯ ಸದ್ದು, ಹೆಂಗಸರ ಬಿಕ್ಕು, ಮುದುಕಿಯೊಬ್ಬಳ ಕೆಮ್ಮು. ಆಮೇಲೆ ಮೈಕಿಗೆ ಬಾಯಿಟ್ಟಷ್ಟು ಹತ್ತಿರದಿಂದ: ‘ಇತ್ಲಾಗ್ ತಿರುಗ್ರಿ.’

ಅವನ ಬೆನ್ನ ಹಿಂದೆ ನಿಂತಿದ್ದ ಪವಿತ್ರ ತಿರುಗಿಯೇಬಿಟ್ಟಳು. ಅದೇ ಕೆಮ್ಮು ಈಗ ಒಳಕೋಣೆಯಿಂದ ಕೇಳಿಸಿತು.

ಇಬ್ಬರೂ ಒಳಗೆ ಹೋದರು. ಪ್ರಭುಸ್ವಾಮಿ ಎದೆನೋವಿನಿಂದ ಬಿದ್ದ ಜಾಗದಲ್ಲಿ ಎಣ್ಣೆದೀಪ ಉರಿಯುತ್ತಿತ್ತು. ಪಕ್ಕದಲ್ಲಿ ಹಳೇ ಸರ್ವರ್ ಗುಂಯ್‌ಗುಡುತ್ತಿತ್ತು, ಮೈಕೂ ಹಾಗೇ ಇತ್ತು. ಎದುರಿಗೆ ಅವನ ತಾಯಿ ಚೆಲುವಮ್ಮ. ತಿಥಿ ಆಗುವವರೆಗೆ ಸತ್ತವನ ದೀಪ ಆರಬಾರದು. ಮಗನ ಮಿಷನ್ನಿನ ದೀಪವೂ ದೀಪವೇ ಎಂದು ಅದನ್ನೂ ಯಾರಿಗೂ ಆರಿಸಗೊಡದೆ ಕಾಯುತ್ತಿದ್ದಳು. ಬೀಳುವ ಮುಂಚೆ ಅವನು ಶುರುಮಾಡಿದ್ದ ರೆಕಾರ್ಡಿಂಗ್ ನಿಂತೇ ಇರಲಿಲ್ಲ.

ದೇವರಾಜು ಹೊರಗೆ ಓಡಿಬಂದು ಹೊಸ ಸರ್ವರಿನ ಜೋಡಣೆ ಬಿಡಿಸಿದ. ಎರಡು ಯಂತ್ರ ಒಂದೇ ಡಿಸ್ಕಿನ ಮೇಲೆ ಬರೆದು, ಹಳೇ ಮದುವೆಯ ಚೂರು ಹೊಸ ಫೈಲಿಗೆ ಬಿದ್ದಿದೆ, ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಹಳೆಯದು ಇನ್ನೂ ಬರೆಯುತ್ತಲೇ ಇತ್ತು, ಇವನು ಕದಡಿದ್ದು ಅದಕ್ಕೆ ಗೊತ್ತಿಲ್ಲ. ಲಾಗೌಟ್ ಮಾಡೋಣವೆಂದರೆ ಪಾಸ್‌ವರ್ಡ್ ಸತ್ತವನ ಜೊತೆಗೇ ಹೋಗಿತ್ತು. ಮತ್ತೆ ಒಳಗೆ ಹೋಗಿ ಚೆಲುವಮ್ಮನಿಗೆ ಹೇಳಿದ.

‘ಅವ್ವ, ವೈರ್ ಕೀಳ್ಬೇಕು. ಇಲ್ದಿದ್ರೆ ಅಣ್ಣನ ದನಿ ಪೂರಾ ಹಾಳಾಯ್ತದೆ.’

‘ಕಿತ್ರೆ ಉಳ್ದದಾ?’

ಅದಕ್ಕೂ ಖಾತ್ರಿಯಿಲ್ಲ ಎಂದ ದೇವರಾಜು. ಪವಿತ್ರ ಅತ್ತೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ತನಗೆ ಬೇರೇನೂ ಬೇಡ, ಅದೊಂದು ಸಾಕು ಎಂದಳು. ಮುದುಕಿ ಮಿಷನ್ನಿನ ಕಡೆ ವಾಲಿ ಮೆಲ್ಲಗೆ ಹೇಳಿದಳು.

‘ಮಗಾ, ಇಡ್ಕಂಡಿದ್ದು ಸಾಕು. ಈ ಎಣ್ಮಗೀಗೆ ಬುಟ್ಕೊಡು.’

ದೇವರಾಜು ಹೊರಗೆ ಬಂದು ಪರದೆ ನೋಡಿದ. ಪ್ರಭು ಎಂಬ ಹೆಸರಿರಲಿಲ್ಲ. ತಂತಿ ಕಡಿದುಹೋದ ಗುರುತಲ್ಲ ಅದು. ರೆಕಾರ್ಡಿಂಗ್ ಮುಚ್ಚಿ, ಡಿಸ್ಕ್ ಬಿಡಿಸಿ, ತಿಳಿದವನು ಮಾಡುವ ಹಾಗೆ ಒಂದೊಂದಾಗಿ ಮುಗಿಸಿ ಲಾಗೌಟ್ ಆಗಿತ್ತು. ಒಳಗೆ ಹಳೇ ಸರ್ವರಿನ ಫ್ಯಾನ್ ತಿರುಗುತ್ತಲೇ ಇತ್ತು. ಯಾರೂ ಕೂತಲ್ಲಿಂದ ಎದ್ದಿರಲಿಲ್ಲ.

ಮತ್ತೆ ಜೋಡಿಸಲು ಅವನಿಗೆ ಕೈ ಬರಲಿಲ್ಲ. ಪವಿತ್ರಳೇ ಬಂದು ಎಂಟರ್ ಒತ್ತಿದಳು. ಅಗರದ ಕಡೆಯ ಯಾರದೋ ಮದುವೆ ತೆರೆದು, ಗಂಡನ ದನಿ ಬರುತ್ತಲೇ ಸ್ಪೀಕರಿಗೆ ಕೆನ್ನೆ ಒತ್ತಿ ಕೂತಳು.