ತಂಡದವರಿಗೆ ಹಾಸಿದ ಹಾಸಿಗೆ

ಪಪುವಾದ ಒಂದೂರಲ್ಲಿ ದೋರ್ಕಾಸಜ್ಜಿಯ ಸೊಸೆ ಪ್ರಿಸ್ಕಿಲಾ ಎಂಟು ತಿಂಗಳ ಬಸುರಿ. ಊರಿನ ಆರೋಗ್ಯ ಕೇಂದ್ರದ ಕಟ್ಟಡ ಹೊಸದೇ. ಒಳಗೆ ನರ್ಸ್ ಇಲ್ಲ, ಮಂಚ ಇಲ್ಲ, ಔಷಧಿಯೂ ಇಲ್ಲ. ನೋವು ಬಂದರೆ ಪಟ್ಟಣದ ಆಸ್ಪತ್ರೆಗೆ ದೋಣಿಯಲ್ಲಿ ನಾಲ್ಕು ತಾಸು ಹೋಗಬೇಕು. ಹೋದ ವರ್ಷ ಹಾಗೆ ಹೊರಟ ಪಕ್ಕದ ಮನೆಯ ಹುಡುಗಿ ದಡ ಸೇರಲಿಲ್ಲ.

ಇಷ್ಟಾದರೂ ಅಜ್ಜಿ ತನ್ನ ಹಾಸಿಗೆ ಸುತ್ತಿ, ತಲೆಯ ಮೇಲೆ ಹೊತ್ತು ಕೇಂದ್ರದ ಕಡೆ ಹೊರಟಿದ್ದಳು. ಪಪುವಾದ ಸ್ವಾಯತ್ತ ಆಡಳಿತಕ್ಕೆಂದು ದೇಶದ ಸರ್ಕಾರ ಕೊಡುವ ನಿಧಿಯನ್ನು ಪ್ರಾಂತ್ಯ ಸರ್ಕಾರ ಹೇಗೆ ಬಳಸಿದೆ ಎಂದು ನೋಡಲು ಮರುದಿನ ರಾಜಧಾನಿ ಜಕಾರ್ತಾದಿಂದ ತಂಡ ಬರುವುದಿತ್ತು. ದಾರಿಯಲ್ಲಿ ಆರೋಗ್ಯ ಕಾರ್ಯಕರ್ತೆ ಓರ್ಪಾ ಅಡ್ಡ ನಿಂತಳು.

"ಎಲ್ಲಿಗಜ್ಜಿ ಸವಾರಿ?"

"ಕೇಂದ್ರಕ್ಕೆ ಕಣೇ. ಬಂದೋರಿಗೆ ಖಾಲಿ ಕೋಣೆ ತೋರ್ಸಿದ್ರೆ ಊರ ಮರ್ಯಾದೆ ಏನಾಗ್ಬೇಕು? ಎರಡು ವರ್ಷದ ಹಿಂದೆ ಬಂದಾಗ್ಲೂ ನಂದೇ ಹಾಸಿಗೆ, ಪಾದ್ರಿ ಮನೆ ಮಂಚ, ಮೇಷ್ಟ್ರ ಮನೆ ಪರದೆ. ಎಷ್ಟು ಚೆಂದ ಕಾಣ್ತಿತ್ತು!"

"ಚೆಂದ ಕಾಣಿಸ್ತು. ಅದಕ್ಕೇ 'ಕೇಂದ್ರ ಚೆನ್ನಾಗಿ ನಡೀತಿದೆ' ಅಂತ ಬರ್ಕೊಂಡು ಹೋದ್ರು. ಇನ್ನು ನರ್ಸ್‌ನ ಯಾಕೆ ಕಳಿಸ್ತಾರೆ?"

ಅಜ್ಜಿಯ ಮುಖ ಸಣ್ಣದಾಯಿತು. ಆದರೂ ಬಿಡಲಿಲ್ಲ. "ದುಡ್ಡು ಕೊಟ್ಟೋರ ಮುಂದೆ ಅದಿಲ್ಲ ಇದಿಲ್ಲ ಅನ್ನೋದಾ? ನಾಚ್ಕೆ ಆಗಲ್ವೇನೇ ನಿಂಗೆ?"

"ಅದು ಯಾರ ಜೇಬಿನ ದಾನಾನೂ ಅಲ್ಲ. ಪಪುವಾದ ನಮ್ಮಂಥೋರ ಓದು, ಆರೋಗ್ಯಕ್ಕೆ ಅಂತ ಕಾನೂನು ಮಾಡಿ ಇಟ್ಟಿರೋ ಹಣ. ಪ್ರಾಂತ್ಯದೋರು ಬರೀ ಗೋಡೆಗೆ ಹಾಕಿದ್ರೋ, ನರ್ಸ್‌ಗೂ ಹಾಕಿದ್ರೋ ಅಂತ ನೋಡೋಕೇ ಅವ್ರು ಬರೋದು. ನಾವೇ ಮುಚ್ಚಿಟ್ರೆ ಅವ್ರಿಗೆ ಹೇಗೆ ಕಾಣ್ಬೇಕು?"

ಅಜ್ಜಿ ಹಾಸಿಗೆ ಇಳಿಸಿ ಅದರ ಮೇಲೆಯೇ ಕೂತುಬಿಟ್ಟಳು. ಪಕ್ಕದ ಮನೆಯ ಹುಡುಗಿಯ ಸಾವಿಗೆ ತಾನೂ ಕಾರಣಳಾದೆನೇ ಎಂದುಕೊಂಡಳು. ಕೊನೆಗೆ ಹಾಸಿಗೆಯನ್ನು ಮನೆಗೇ ಹೊತ್ತೊಯ್ದಳು.

ಮರುದಿನ ತಂಡಕ್ಕೆ ಕುಣಿತ, ಅಡಿಕೆ, ಮೀನಿನ ಸಾರು, ಸಾಗೋ ಮರದ ಹಿಟ್ಟಿನ ಗಂಜಿ ಎಲ್ಲವೂ ಆಯಿತು. ಆಮೇಲೆ ಅಜ್ಜಿ ತಂಡದ ಅಧಿಕಾರಿಯ ಕೈ ಹಿಡಿದು ಖಾಲಿ ಕೋಣೆಗೆ ಕರೆದೊಯ್ದಳು.

"ನೋಡಪ್ಪಾ, ಹೋದ ಸಲ ನೀವು ಬರ್ಕೊಂಡಿದ್ದು ನನ್ನ ಹಾಸಿಗೇನ. ಇದು ನಿಮ್ಮ ಕೇಂದ್ರ. ನನ್ನ ಸೊಸೆ ಎಲ್ಲಿ ಮಲಗಿ ಹೆರ್ಬೇಕು, ಹೇಳು!"

ಅಧಿಕಾರಿ ಖಾಲಿ ಕೋಣೆಯನ್ನೊಮ್ಮೆ ನೋಡಿದ. ಪೆನ್ನು ತೆಗೆದು ಬರೆದುಕೊಂಡ.

"ಬರ್ದಿದ್ದನ್ನ ಗಟ್ಟಿಯಾಗಿ ಓದಿ ಸಾರ್," ಎಂದಳು ಓರ್ಪಾ. ಅವನು ಓದಿದ: "ಕಟ್ಟಡ ಇದೆ. ನರ್ಸ್ ಇಲ್ಲ. ಮಂಚ, ಔಷಧಿ ಇಲ್ಲ." ಕೆಳಗೆ ಊರ ಹೆಂಗಸರೆಲ್ಲ ಹೆಬ್ಬೆಟ್ಟು ಒತ್ತಿದರು.

ಮೂರು ವಾರಕ್ಕೆ ನರ್ಸ್ ಬಂದಿಳಿದಳು. ಮಂಚ ಬಂತು. ಔಷಧಿ ಅರ್ಧ ಬಂತು, ಉಳಿದದ್ದಕ್ಕೆ ಓರ್ಪಾ ಪತ್ರ ಬರೆಯುತ್ತಲೇ ಇದ್ದಾಳೆ. ಪ್ರಿಸ್ಕಿಲಾ ಊರಲ್ಲೇ ಹೆತ್ತಳು, ಹೆಣ್ಣು ಮಗು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿಗೂ ಇಂಥ ತಂಡದವರು ನೋಡಲು ಬರುತ್ತಾರೆ. ಹೊಟ್ಟೆ ತುಂಬ ಉಣ್ಣಿಸಿ. ಇದ್ದದ್ದನ್ನು ಇದ್ದ ಹಾಗೆ ತೋರಿಸಿ. ಏನು ಬರೆದುಕೊಂಡರು ಎಂದು ಓದಿಸಿಕೊಳ್ಳದೆ ಮಾತ್ರ ಅವರನ್ನು ದೋಣಿ ಹತ್ತಲು ಬಿಡಬೇಡಿ.