ಲೆನ್ಸ್ ಮೇಲಿನ ಧೂಳು

"ಚಿತ್ರ ತೆಗೆಯೋ ಸಮಯ, ಮೂರು ಗಂಟೆ," ಎಂದು ನಿರ್ದೇಶಕರು ಓದಿದರು.

ಗಡಿಯಾರದಮ್ಮನ ಪೆನ್ಸಿಲ್ ನಿಂತಿತು. ಇಲ್ಲಿನ ಪದ್ಧತಿಯೇ ಹಾಗೆ. ಶನಿಯನ್ನು ಸುತ್ತುವ ನೌಕೆಗೆ ಆದೇಶ ಬರೆದವರು ಅದನ್ನು ಸಾಲುಸಾಲಾಗಿ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪ್ರತಿ ಸಾಲಿಗೂ "ಸರಿ" ಎನ್ನಬೇಕು. ಇಪ್ಪತ್ತೆರಡು ವರ್ಷಗಳಿಂದ ಆ "ಸರಿ" ಅವಳದೇ. ಇಲ್ಲಿನ ವೇಳೆ, ಅಲ್ಲಿನ ವೇಳೆ ಎರಡೂ ಅವಳ ನಾಲಿಗೆ ತುದಿಯಲ್ಲಿರುತ್ತಿದ್ದರಿಂದ ಬಂದ ಅಡ್ಡಹೆಸರು ಗಡಿಯಾರದಮ್ಮ.

ಬೀಳ್ಕೊಡುಗೆ ಸಭೆಗೆಂದು ಮೂರಕ್ಕೆ ಚಿತ್ರ ಇಲ್ಲಿಗೆ ತಲುಪಬೇಕು, ನಿಜ. ಆದರೆ ಅಲ್ಲಿಂದ ಸಂಕೇತ ಬರಲು ಎಂಬತ್ತು ನಿಮಿಷ ಬೇಕು. ಚಿತ್ರ ತೆಗೆಯಬೇಕಿದ್ದ ಶನಿಯ ಪುಟ್ಟ ಚಂದ್ರ ನೌಕೆಯ ಎದುರು ಹಾಯುವುದು ಒಂದು ನಲವತ್ತಕ್ಕೆ. ನಾಳೆ ನಿವೃತ್ತರಾಗುವ ನಿರ್ದೇಶಕ ಮಹಾಶಯರು, ಕೊನೆಯ ಚಿತ್ರ ತಮ್ಮ ಕೈಯಾರೆ ಆಗಬೇಕೆಂದು ಹಟ ಹಿಡಿದು, ಇಲ್ಲಿನ ಗಡಿಯಾರ ನೋಡಿ ಬರೆದಿದ್ದರು. ಮೂರಕ್ಕೆ ಅಲ್ಲಿ ಬರೀ ಕತ್ತಲು.

ಆ ಚಂದ್ರನನ್ನು ಮೊದಲು ಕಂಡವಳು ಅವಳು. ಚಿತ್ರದ ಅಂಚಿನಲ್ಲೊಂದು ಚುಕ್ಕೆ. ಓಡೋಡಿ ಹೋಗಿ ನಿರ್ದೇಶಕರಿಗೆ ತೋರಿಸಿದ್ದಳು. "ಲೆನ್ಸ್ ಮೇಲಿನ ಧೂಳಮ್ಮ ಅದು, ಹೋಗಿ ನಿಮ್ಮ ಕೆಲಸ ನೋಡಿ," ಎಂದಿದ್ದರು. ತಿಂಗಳೊಳಗೆ ಧೂಳು ಚಂದ್ರನಾಯಿತು, ಅವರ ಶೋಧವಾಯಿತು. ಅಂದು ನುಂಗಿಕೊಂಡದ್ದು ಅವಳಿಗೆ ಇನ್ನೂ ಜೀರ್ಣವಾಗಿರಲಿಲ್ಲ.

"ಏನಮ್ಮಾ, ನಿದ್ದೆ ಬಂತಾ?"

"ಸರಿ," ಎಂದಳು.

ಆದೇಶ ಹೋಯಿತು. ಅಲ್ಲಿಗೆ ತಲುಪಲೂ ಎಂಬತ್ತು ನಿಮಿಷ ಬೇಕಾದ್ದರಿಂದ, ಹನ್ನೆರಡು ಇಪ್ಪತ್ತರವರೆಗೆ ತಿದ್ದಲು ಅವಕಾಶವಿತ್ತು. ಸೇಡು ಸಿಹಿಯಾಗಿರಲಿಲ್ಲ ಎಂದರೆ ಸುಳ್ಳು, ಬಹಳ ಸಿಹಿಯಾಗಿಯೇ ಇತ್ತು. ಆದರೆ ಹನ್ನೆರಡು ಬಾರಿಸುವ ಹೊತ್ತಿಗೆ ಅವಳು ಆದೇಶದ ಪ್ರತಿಯನ್ನು ಮತ್ತೆ ಎದುರಿಗೆ ಎಳೆದುಕೊಂಡಳು. ತನ್ನ ಚಂದ್ರನನ್ನು ಅವಳು ಬರೀ ಚುಕ್ಕೆಯಾಗಿ ಮಾತ್ರ ಕಂಡಿದ್ದಳು. ಇಷ್ಟು ಹತ್ತಿರದಿಂದ ನೋಡುವುದು ಇದೊಂದೇ ಸಲ. ಬರುವ ವಾರ ನೌಕೆ ಶನಿಯೊಳಗೆ ಬಿದ್ದು ಸುಟ್ಟುಹೋಗುತ್ತದೆ. ಚಪ್ಪಾಳೆ ಅವರೇ ಇಟ್ಟುಕೊಳ್ಳಲಿ, ಚಂದ್ರನ ಮುಖ ಒಮ್ಮೆ ನೋಡೋಣ ಎಂದು ತಿದ್ದಿದ ಸಾಲನ್ನು ಚೀಟಿಯಲ್ಲಿ ಬರೆದು ಎದ್ದಳು.

ಬಾಗಿಲಲ್ಲೇ ಅವರು ಸಿಕ್ಕರು, ಹೊಸ ಕೋಟು ತೊಟ್ಟಿದ್ದರು.

"ನಿಮ್ಮನ್ನೇ ಹುಡುಕ್ತಿದ್ದೆ. ಭಾಷಣದಲ್ಲಿ ನಿಮ್ಮನ್ನೂ ನೆನೆಸ್ಕೋತೀನಮ್ಮ, ಗಡಿಯಾರ ನೋಡ್ಕೊಂಡೋರು ಅಂತ. ಅಂದಹಾಗೆ, ನಿಮ್ಮ ನಿಜವಾದ ಹೆಸರೇನು?"

ಅವಳು ಹೆಸರು ಹೇಳಿದಳು. ಅವರು ಬರೆದುಕೊಂಡರು. ಚೀಟಿ ಅವಳ ಮುಷ್ಟಿಯಲ್ಲೇ ಮುದುಡಿತು. ಹನ್ನೆರಡು ಇಪ್ಪತ್ತಕ್ಕೆ ಅವಳು ಕ್ಯಾಂಟೀನಿನಲ್ಲಿ ಕೂತು ಚಹಾ ಕುಡಿಯುತ್ತಿದ್ದಳು.

ಸಭಾಂಗಣದಲ್ಲಿ ಮೂರಾಯಿತು, ಏನೂ ಬರಲಿಲ್ಲ. ಅತಿಥಿಗಳು ಆಕಳಿಸಿದರು. ನಾಲ್ಕು ಇಪ್ಪತ್ತಕ್ಕೆ ಬಂದ ಚಿತ್ರ ಅಂಚಿನಿಂದ ಅಂಚಿನವರೆಗೆ ಕಪ್ಪು.

"ಏನಮ್ಮಾ ಇದು?" ನಿರ್ದೇಶಕರು ಅವಳತ್ತ ತಿರುಗಿದರು.

"ಲೆನ್ಸ್ ಮೇಲಿನ ಧೂಳು ಸಾರ್," ಎಂದಳು, ಮುಂದಿನ ಸಾಲಿನವರಿಗೂ ಕೇಳುವಂತೆ. ಅವರ ಮುಖ ಬಿಳಿಚಿಕೊಂಡಿತು. ಅವರಿಗೆ ಎಲ್ಲ ನೆನಪಿತ್ತು.

ಎಲ್ಲರೂ ಹೋದ ಮೇಲೆ ತನ್ನ ಮೇಜಿನಲ್ಲಿ ಅದೇ ಚಿತ್ರವನ್ನು ತೆರೆದು, ಅಭ್ಯಾಸಬಲದಿಂದ ಅಂಚುಗಳನ್ನು ನೋಡುತ್ತ ಹೋದಳು. ಎಡಗಡೆ ಕೆಳಗೊಂದು ಬಿಳಿ ಚುಕ್ಕೆ. ಅವಳು ಪರದೆಯತ್ತ ಬಾಗಿದಳು. ಬೆರಳಿನಿಂದ ಮುಟ್ಟಿದಳು.

ಅದು ಬೆರಳಿಗಂಟಿಕೊಂಡು ಬಂತು.